ಇಲ್ಲದ ಕೋಟೆಗೆ ಒಂದು ಸುತ್ತು: ಮುಂಬಯಿ ಫೋರ್ಟಿನಲ್ಲಿ ಭಾನುವಾರದ ನಡಿಗೆ

ನಮ್ಮ ದೊಡ್ಡಪ್ಪ ಮಂಗಳೂರಿನಿಂದ ಸ್ಟೀಮರಿನಲ್ಲಿ ಮುಂಬಯಿಗೆ ಬಂದವರು. ಹಗಲಿಡೀ ಒಂದು ಆಫೀಸಿನ ಕ್ಯಾಂಟೀನಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕೂತು ಓದಿದವರು. ಎಲ್ಲರೂ ‘ಫೋರ್ಟ್’ ಅನ್ನುವ ಜಾಗವನ್ನು ಅವರು ಕೊನೆಯವರೆಗೂ ‘ಕೋಟೆ’ ಎಂದೇ ಕರೆದರು. “ಕೋಟೆಗೆ ಹೋಗಿ ಬರ್ತೇನೆ” ಎಂದು ಚಪ್ಪಲಿ ಮೆಟ್ಟುತ್ತಿದ್ದರು. ನನಗಾಗ ಎಂಟೋ ಒಂಬತ್ತೋ ವರ್ಷ. “ಕೋಟೆ ಎಲ್ಲಿದೆ ದೊಡ್ಡಪ್ಪ, ತೋರಿಸಿ” ಎಂದು ಹಟ ಹಿಡಿದೆ. ಒಂದು ಭಾನುವಾರ ಕರೆದುಕೊಂಡು ಹೋಗಿ, ಫ್ಲೋರಾ ಫೌಂಟನ್ನಿನ ಎದುರು ನಿಲ್ಲಿಸಿ, “ಇಲ್ಲಿ ಅದರ ಬಾಗಿಲಿತ್ತು” ಎಂದರು. ನನಗೆ ಕಂಡದ್ದು ಕಾರಂಜಿ ಮಾತ್ರ.

ಆ ಬಾಗಿಲು ನಿಜಕ್ಕೂ ಅಲ್ಲೇ ಇತ್ತು. ಈಗ ಇಲ್ಲದ ಆ ಕೋಟೆಯ ಗೋಡೆಯನ್ನು ಕಾಲಿನಿಂದಲೇ ಹುಡುಕುವ ಬಗೆ ಹೇಗೆಂದು ಇಲ್ಲಿ ಬರೆಯುತ್ತಿದ್ದೇನೆ. ಗೈಡ್ ಬೇಕಾಗಿಲ್ಲ. ಸುತ್ತು ಹೆಚ್ಚುಕಡಿಮೆ 5 ಕಿಲೋಮೀಟರ್. ನಿಧಾನವಾಗಿ ನೋಡುತ್ತ ಹೋದರೆ ಮೂರೂವರೆ, ನಾಲ್ಕು ಗಂಟೆ ಹಿಡಿಯುತ್ತದೆ.

ಹೊರಡುವ ಮುನ್ನ ಇಷ್ಟು ತಿಳಿದಿರಲಿ. ಮುಂಬಯಿ 1661ರಲ್ಲಿ ಪೋರ್ಚುಗೀಸ್ ರಾಜಕುಮಾರಿಯ ವರದಕ್ಷಿಣೆಯ ಭಾಗವಾಗಿ ಇಂಗ್ಲೆಂಡಿನ ರಾಜನಿಗೆ ಸಂದಿತು. 1668ರಲ್ಲಿ ಅವನು ಅದನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ. ಮುಂದಿನ ಶತಮಾನದಲ್ಲಿ ಕಂಪನಿ ಊರ ಸುತ್ತ ಕಲ್ಲಿನ ಗೋಡೆ ಎಬ್ಬಿಸಿ, ಹೊರಗೆ ಕಂದಕ ತೋಡಿಸಿತು. ಬಾಗಿಲು ಮೂರು: ಬಡಗಣಕ್ಕೆ ಬಜಾರ್ ಗೇಟ್, ಪಡುವಣಕ್ಕೆ ಚರ್ಚ್ ಗೇಟ್, ತೆಂಕಣಕ್ಕೆ ಅಪೊಲೊ ಗೇಟ್. 1860ರ ದಶಕದಲ್ಲಿ, ಅಮೆರಿಕದ ಅಂತರ್ಯುದ್ಧದಿಂದಾಗಿ ಇಲ್ಲಿನ ಹತ್ತಿಗೆ ಚಿನ್ನದ ಬೆಲೆ ಬಂದು ಊರಲ್ಲಿ ಹಣ ಹೊಳೆಯಾಗಿ ಹರಿಯುತ್ತಿದ್ದಾಗ, ಗವರ್ನರ್ ಬಾರ್ಟಲ್ ಫ್ರೇರ್ ಗೋಡೆ ಕೆಡವಿಸಿದ. ನಾವಿಂದು ನೋಡಲು ಹೋಗುವ ದೊಡ್ಡ ಕಟ್ಟಡಗಳಲ್ಲಿ ಹೆಚ್ಚಿನವು ಎದ್ದದ್ದು ಹೀಗೆ ತೆರವಾದ ಜಾಗದಲ್ಲಿ ಮತ್ತು ಅದರಾಚೆಯ ಬಯಲಿನಲ್ಲಿ.

ಮೊದಲು ಒಂದು ಕಾಗದದ ಕೆಲಸ

ಮೊಬೈಲಿನ ನಕ್ಷೆ ದಾರಿ ತೋರಿಸುತ್ತದೆ, ಗೋಡೆ ತೋರಿಸುವುದಿಲ್ಲ. ಹಿಂದಿನ ರಾತ್ರಿ ಒಂದು ಬಿಳಿ ಹಾಳೆಯಲ್ಲಿ ಈ ರಸ್ತೆಗಳನ್ನು ನೀವೇ ಗೀಚಿ, ಪ್ರತಿಯೊಂದಕ್ಕೂ ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಬರೆಯಿರಿ. ಹಾರ್ನ್‌ಬಿ ರೋಡ್ ಈಗ ದಾದಾಭಾಯಿ ನವರೋಜಿ ರಸ್ತೆ, ಎಲ್ಲರ ಬಾಯಲ್ಲಿ ಡಿ.ಎನ್. ರೋಡ್. ಎಸ್ಪ್ಲನೇಡ್ ರೋಡ್ ಎಂದರೆ ಎಂ.ಜಿ. ರೋಡ್. ಚರ್ಚ್‌ಗೇಟ್ ಸ್ಟ್ರೀಟ್ ವೀರ ನರಿಮನ್ ರಸ್ತೆಯಾಗಿದೆ. ಬಜಾರ್ ಗೇಟ್ ಸ್ಟ್ರೀಟ್ ಪೆರಿನ್ ನರಿಮನ್ ಸ್ಟ್ರೀಟ್ ಆಗಿದೆ. ರಾಂಪಾರ್ಟ್ ರೋ ಎಂದರೆ ಕೆ. ದುಬಾಷ್ ಮಾರ್ಗ. ‘ರಾಂಪಾರ್ಟ್’ ಎಂದರೆ ಕೋಟೆಯ ಗೋಡೆಯೇ. ಕಲ್ಲು ಹೋದರೂ ಹೆಸರಿನಲ್ಲಿ ಗೋಡೆ ಉಳಿದಿದೆ. ಈ ಹಾಳೆ ಜೇಬಿನಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ದಿನ ಭಾನುವಾರವೇ ಆಗಲಿ, ತಿಂಗಳು ನವೆಂಬರಿನಿಂದ ಫೆಬ್ರವರಿಯೊಳಗಿರಲಿ. ವಾರದ ದಿನ ಫೋರ್ಟಿನಲ್ಲಿ ತಲೆಯೆತ್ತಿ ನಿಲ್ಲಲಿಕ್ಕೆ ಜನ ಬಿಡುವುದಿಲ್ಲ, ಭುಜಕ್ಕೆ ಭುಜ ತಾಗುತ್ತದೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿ. ನಾನು ಮೊದಲ ಸಲ ಒಬ್ಬನೇ ಹೊರಟದ್ದು ಮೇ ತಿಂಗಳ ನಡುಮಧ್ಯಾಹ್ನ, ಕೈಯಲ್ಲಿ ಇಪ್ಪತ್ತು ಕಟ್ಟಡಗಳ ಪಟ್ಟಿ. ಆರನೆಯದಕ್ಕೆ ತಲೆನೋವು ಹಿಡಿದು ನೆರಳಿನಲ್ಲಿ ಕುಸಿದು ಕೂತೆ. ಒಂದು ಬೆಳಗಿಗೆ ಎಂಟು ಜಾಗ ಧಾರಾಳ ಸಾಕು. ಇನ್ನೊಂದು ಮಾತು: ಡೊಂಬಿವಲಿ, ಥಾಣೆ, ಪನ್ವೇಲ್ ಕಡೆಯಿಂದ ಬರುವವರು ಭಾನುವಾರದ ಮೆಗಾ ಬ್ಲಾಕ್ (ಹಳಿ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವುದು) ಎಲ್ಲಿದೆ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ಬ್ಲಾಕ್ ಸಾಮಾನ್ಯವಾಗಿ ಹತ್ತೂವರೆ, ಹನ್ನೊಂದರ ಮೇಲೆ ಶುರುವಾಗುತ್ತದೆ. ಬರುವಾಗ ತೊಂದರೆಯಿಲ್ಲ, ಹಿಂದಿರುಗುವಾಗ ಸಿಕ್ಕಿಹಾಕಿಕೊಳ್ಳುತ್ತೀರಿ.

ಚೀಲದಲ್ಲಿ ನೀರಿನ ಬಾಟಲಿ, ಟೊಪ್ಪಿ, ಆಧಾರ್ ಕಾರ್ಡ್. ಇದ್ದರೆ ಒಂದು ಸಣ್ಣ ದುರ್ಬೀನು ಹಾಕಿಕೊಳ್ಳಿ. ಅದು ಯಾಕೆಂದು ಮೊದಲ ನಿಲ್ದಾಣದಲ್ಲೇ ಗೊತ್ತಾಗುತ್ತದೆ.

ವಿ.ಟಿ.ಯ ಎದುರು ಕಾಲು ಗಂಟೆ

ವಿ.ಟಿ. ಎಂದರೆ ವಿಕ್ಟೋರಿಯಾ ಟರ್ಮಿನಸ್ ರೈಲು ನಿಲ್ದಾಣ. 1996ರಲ್ಲಿ ಹೆಸರು ಬದಲಾಗಿ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು, 2017ರಲ್ಲಿ ‘ಮಹಾರಾಜ’ ಸೇರಿತು. ಆದರೂ ನಮ್ಮವರ ಬಾಯಲ್ಲಿ ಅದಿನ್ನೂ ವಿ.ಟಿ. ಲೋಕಲ್ಲಿನಿಂದ ಇಳಿದು ಓಡಬೇಡಿ. ರಸ್ತೆ ದಾಟಿ, ಮಹಾನಗರಪಾಲಿಕೆಯ ಕಟ್ಟಡದ ಬದಿಗೆ ನಿಂತು ತಿರುಗಿ ನೋಡಿ. ಈ ಎರಡೂ ಕಟ್ಟಡಗಳ ವಾಸ್ತುಶಿಲ್ಪಿ ಒಬ್ಬನೇ, ಫ್ರೆಡರಿಕ್ ವಿಲಿಯಂ ಸ್ಟೀವನ್ಸ್. ನಿಲ್ದಾಣದ ಕೆಲಸ 1878ರಲ್ಲಿ ಶುರುವಾಗಿ ಹತ್ತು ವರ್ಷ ನಡೆಯಿತು. ಪಾಲಿಕೆಯ ಕಟ್ಟಡ ಮುಗಿದದ್ದು 1893ರಲ್ಲಿ. ನಿಲ್ದಾಣ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಗುಮ್ಮಟ ಎಲ್ಲರಿಗೂ ಕಾಣುತ್ತದೆ. ನೀವು ದುರ್ಬೀನನ್ನು ಕಂಬದ ತಲೆಗಳಿಗೆ, ಕಿಟಕಿಯ ಕಮಾನುಗಳ ಸಂದಿಗೆ ಹಿಡಿಯಿರಿ. ಗರಿ ಬಿಚ್ಚಿದ ನವಿಲು, ಎಲೆಗಳ ನಡುವೆ ಅಡಗಿದ ಅಳಿಲು, ಕೋತಿ, ಹಕ್ಕಿಗಳು ಒಂದೊಂದಾಗಿ ಹೊರಬರುತ್ತವೆ. ಈ ಕೆತ್ತನೆಯಲ್ಲಿ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈಯಿದೆ. ಹೊರಬಾಗಿಲ ಎರಡು ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ ಕೂತಿವೆ. ಸಿಂಹ ಬ್ರಿಟನ್, ಹುಲಿ ಭಾರತ. ನನ್ನ ಮಗಳನ್ನು ಮೊದಲ ಸಲ ಕರೆತಂದಾಗ ಆ ಗೋಡೆಯಲ್ಲಿ ಅವಳು ಹನ್ನೊಂದು ಬಗೆಯ ಪ್ರಾಣಿಪಕ್ಷಿ ಎಣಿಸಿದಳು. ಮಕ್ಕಳಿದ್ದರೆ ಎಣಿಸುವ ಕೆಲಸ ಅವರಿಗೇ ಕೊಡಿ, ದಣಿವು ಮರೆತುಬಿಡುತ್ತಾರೆ.

ಇಲ್ಲಿಂದ ನಿಲ್ದಾಣದ ಪೂರ್ವಕ್ಕೆ, ಪಿ. ಡಿಮೆಲ್ಲೊ ರಸ್ತೆಯ ಕಡೆಗೆ ಹೋದರೆ ಸೇಂಟ್ ಜಾರ್ಜ್ ಆಸ್ಪತ್ರೆ. ಅದರ ಆವರಣದಲ್ಲಿ 1769ರ ಜಾರ್ಜ್ ಕೋಟೆಯ ಒಂದು ತುಂಡು ಗೋಡೆ ಉಳಿದಿದೆ. ಇಡೀ ನಡಿಗೆಯಲ್ಲಿ ಕೋಟೆಯ ನಿಜವಾದ ಕಲ್ಲು ಹತ್ತಿರದಿಂದ ಕಾಣುವುದು ಇಲ್ಲೊಂದೇ ಕಡೆ. ರಾಜ್ಯ ಪುರಾತತ್ವ ಇಲಾಖೆಯ ಕಚೇರಿಯೂ ಅಲ್ಲೇ ಇದೆ. ಆದರೆ ಅದು ರೋಗಿಗಳು ಬರುವ ಜಾಗ. ಬಾಗಿಲಲ್ಲಿ ಕೇಳಿ, ಬಿಟ್ಟರೆ ಸದ್ದಿಲ್ಲದೆ ನೋಡಿ ಬನ್ನಿ, ಬಿಡದಿದ್ದರೆ ವಾದಕ್ಕೆ ಇಳಿಯಬೇಡಿ.

ಗೋಲಗುಮ್ಮಟದ ತಮ್ಮ

ಮುಂದಿನ ಕಟ್ಟಡದ ಬಳಿ ಕನ್ನಡಿಗರು ತುಸು ಹೆಚ್ಚು ಹೊತ್ತು ನಿಲ್ಲಬೇಕು. ವಿ.ಟಿ.ಯ ಪಕ್ಕದಲ್ಲಿರುವ ಪ್ರಧಾನ ಅಂಚೆ ಕಚೇರಿ, ಜಿ.ಪಿ.ಒ. ಅದರ ನಡುವಣ ಗುಮ್ಮಟ ನೋಡಿ. ವಿಜಯಪುರಕ್ಕೆ ಹೋದವರಾದರೆ ಯಾರೂ ಹೇಳಿಕೊಡಬೇಕಿಲ್ಲ. 1913ರಲ್ಲಿ ಮುಗಿದ ಈ ಕಟ್ಟಡವನ್ನು ವಾಸ್ತುಶಿಲ್ಪಿ ಜಾನ್ ಬೆಗ್ ಗೋಲಗುಮ್ಮಟವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ. ವಿ.ಟಿ.ಯಲ್ಲಿ ಯುರೋಪಿನ ಗೋಥಿಕ್ ಶೈಲಿ ಮೆರೆದಿತ್ತು. ಮೂವತ್ತು ವರ್ಷವೂ ಕಳೆಯುವ ಮೊದಲೇ ಅದರ ನೆರೆಮನೆಗೆ ಆದಿಲಶಾಹಿಯ ಗುಮ್ಮಟ ಬಂತು. ಊರಿನಿಂದ ದುಡಿಯಲು ಬಂದ ನಮ್ಮವರು ಮನೆಗೆ ಮನಿಯಾರ್ಡರ್ ಕಳಿಸುತ್ತಿದ್ದುದು ಈ ಗುಮ್ಮಟದ ಕೆಳಗಿನಿಂದ. ದೊಡ್ಡಪ್ಪ ತಿಂಗಳ ಮೊದಲ ವಾರ ಇಲ್ಲಿನ ಸಾಲಿನಲ್ಲಿ ನಿಂತವರು. ಒಳಗಿನ ಎತ್ತರದ ಹಜಾರ ನೋಡಬೇಕೆಂದರೆ ಮಾತ್ರ ಕೆಲಸದ ದಿನ ಬರಬೇಕು.

ಅಂಚೆ ಕಚೇರಿಯ ದಕ್ಷಿಣಕ್ಕೆ ಇಳಿದರೆ ಪೆರಿನ್ ನರಿಮನ್ ಸ್ಟ್ರೀಟ್. ನಿಮ್ಮ ಹಾಳೆ ತೆಗೆಯಿರಿ: ಬಜಾರ್ ಗೇಟ್ ಸ್ಟ್ರೀಟ್. ಈಗ ನೀವು ಬಡಗಣ ಬಾಗಿಲಿನಿಂದ ಕೋಟೆಯ ಒಳಗೆ ಕಾಲಿಟ್ಟಿರಿ. ಕೋಟೆಯೊಳಗಿನ ಉತ್ತರ ಭಾಗ ಪಾರ್ಸಿ, ಗುಜರಾತಿ ವ್ಯಾಪಾರಿಗಳದು, ದಕ್ಷಿಣ ಭಾಗ ಇಂಗ್ಲಿಷರದು. ನಡೆಯುತ್ತ ಹೋದಂತೆ ಈ ಭೇದ ಕಾಲಿಗೇ ಗೊತ್ತಾಗುತ್ತದೆ. ಇಲ್ಲಿ ಗಲ್ಲಿಗಳು ಇಕ್ಕಟ್ಟು, ಮನೆಯ ಮೇಲೆ ಮನೆ, ಮರದ ಕಟಾಂಜನದ ಬಾಲ್ಕನಿಗಳು. ಆಮೇಲೆ ಒಮ್ಮೆಲೇ ಬಯಲು ತೆರೆಯುತ್ತದೆ. 1803ರಲ್ಲಿ ಇಲ್ಲಿ ದೊಡ್ಡ ಬೆಂಕಿ ಬಿದ್ದಿತ್ತು. ಈ ಗಲ್ಲಿಗಳ ಅಗಲ ನೋಡಿದರೆ ಅದು ಹೇಗೆ ಹಬ್ಬಿರಬಹುದೆಂದು ಊಹಿಸಬಹುದು. ಇದೇ ಕಡೆ ಬಾನಾಜಿ ಲಿಮ್ಜಿ ಅಗಿಯಾರಿ ಇದೆ. 1709ರದು, ಮುಂಬಯಿಯ ಅತಿ ಹಳೆಯ ಪಾರ್ಸಿ ಅಗ್ನಿಮಂದಿರ. ಪಾರ್ಸಿಗಳಲ್ಲದವರಿಗೆ ಪ್ರವೇಶವಿಲ್ಲ. ಹೊರಗಿನಿಂದಲೇ ಕೈಮುಗಿದು ಮುಂದೆ ನಡೆಯಿರಿ.

ಮೂವತ್ತು ಮೆಟ್ಟಿಲು

ಗಲ್ಲಿ ಮುಗಿದು ಬಯಲು ತೆರೆಯುವ ಜಾಗವೇ ಹಾರ್ನಿಮನ್ ಸರ್ಕಲ್. ಕೋಟೆಯ ಕಾಲದಲ್ಲಿ ಇದು ‘ಬಾಂಬೆ ಗ್ರೀನ್’ ಎಂಬ ಬಯಲು. ಆಮೇಲೆ ಎಲ್ಫಿನ್‌ಸ್ಟನ್ ಸರ್ಕಲ್ ಆಯಿತು. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ವರ್ಷ, 1919ರಲ್ಲಿ, ಸರ್ಕಾರ ಇಂಗ್ಲೆಂಡಿಗೆ ಗಡೀಪಾರು ಮಾಡಿದ ‘ಬಾಂಬೆ ಕ್ರಾನಿಕಲ್’ ಪತ್ರಿಕೆಯ ಸಂಪಾದಕ ಬೆಂಜಮಿನ್ ಹಾರ್ನಿಮನ್ ಹೆಸರು ಈಗ ಇದಕ್ಕಿದೆ. ಒಬ್ಬ ಗವರ್ನರನ ಹೆಸರು ತೆಗೆದು, ಆ ಆಳ್ವಿಕೆಯನ್ನೇ ಎದುರಿಸಿದ ಇಂಗ್ಲಿಷ್ ಪತ್ರಕರ್ತನ ಹೆಸರಿಟ್ಟದ್ದು ನನಗೆ ಈ ಊರಿನ ಬಗ್ಗೆ ಹೆಮ್ಮೆ ಹುಟ್ಟಿಸುವ ಸಂಗತಿ.

ಪೂರ್ವಕ್ಕೆ ಬಿಳಿ ಕಂಬಗಳ ಟೌನ್ ಹಾಲ್. 1833ರದು, ಏಷ್ಯಾಟಿಕ್ ಸೊಸೈಟಿಯ ನೆಲೆ. ಬೀದಿಯಿಂದ ಬಾಗಿಲಿಗೆ 30 ಮೆಟ್ಟಿಲು. ದೊಡ್ಡಪ್ಪನ ರಾತ್ರಿಶಾಲೆ ಮುಗಿಯುವಾಗ ಒಂಬತ್ತೂವರೆ ಆಗುತ್ತಿತ್ತು. ಮಲಗಲು ಅವರಿಗಿದ್ದದ್ದು ಕ್ಯಾಂಟೀನಿನ ನೆಲ, ದೀಪ ಬೇಗ ಆರಿಸುತ್ತಿದ್ದರು. ಪರೀಕ್ಷೆಯ ದಿನಗಳಲ್ಲಿ ಈ ಮೆಟ್ಟಿಲ ಮೇಲೆ, ಬೀದಿದೀಪದ ಬೆಳಕು ಬೀಳುವ ಬದಿ ಹಿಡಿದು ಕೂತು ಓದುತ್ತಿದ್ದರಂತೆ. ಕೆಳಗಿನಿಂದ ಏಳನೆಯ ಮೆಟ್ಟಿಲು, ಎಡಗಡೆ. ಅದಕ್ಕಿಂತ ಮೇಲೆ ಹೋದರೆ ಕಂಬದ ನೆರಳು ಪುಸ್ತಕದ ಮೇಲೆ ಬೀಳುತ್ತಿತ್ತಂತೆ. ಕಲ್ಲು ಅಲ್ಲಿ ನುಣುಪಾಗಿದೆ, ನಡುವೆ ಸ್ವಲ್ಪ ತಗ್ಗು. ಅದು ಲಕ್ಷಾಂತರ ಪಾದಗಳು ಮಾಡಿದ ತಗ್ಗು, ಗೊತ್ತು. ಆದರೂ ನಾನು ಹೋದಾಗಲೆಲ್ಲ ಅಲ್ಲೇ ಕೂರುತ್ತೇನೆ. ನೀವೂ ಇಲ್ಲಿ ಹತ್ತು ನಿಮಿಷ ಕೂತು ನೀರು ಕುಡಿಯಿರಿ. ಟೌನ್ ಹಾಲ್ ಹಿಂದಿನ ಭಾಗ ನೌಕಾದಳದ್ದು. ಅಲ್ಲೇ ಮೂಲ ಕೋಟೆ ‘ಬಾಂಬೆ ಕ್ಯಾಸಲ್’ ಇದ್ದದ್ದು. ಒಳಗೆ ಬಿಡುವುದಿಲ್ಲ, ಫೋಟೊ ತೆಗೆಯಲೂಬಾರದು.

ಸರ್ಕಲ್ಲಿನ ಪಶ್ಚಿಮಕ್ಕೆ ಸೇಂಟ್ ಥಾಮಸ್ ಕ್ಯಾಥೆಡ್ರಲ್. ಹದಿನೇಳನೆಯ ಶತಮಾನದಲ್ಲಿ ಅಡಿಪಾಯ ಬಿದ್ದು, ದಶಕಗಟ್ಟಲೆ ಕೆಲಸ ನಿಂತು, ಕೊನೆಗೆ 1718ರ ಕ್ರಿಸ್‌ಮಸ್ ದಿನ ಬಾಗಿಲು ತೆರೆಯಿತು. ಊರಿನ ದೂರಗಳನ್ನೆಲ್ಲ ಈ ಚರ್ಚಿನಿಂದಲೇ ಅಳೆಯುತ್ತಿದ್ದರು. ರೋಮನ್ ಅಂಕಿ ಕೆತ್ತಿದ ಹಳೆಯ ಮೈಲಿಗಲ್ಲುಗಳು ಊರೊಳಗೆ ಅಲ್ಲಲ್ಲಿ ಇನ್ನೂ ಇವೆ. ಈ ಚರ್ಚಿಗೆ ಬರುವ ಬಾಗಿಲೇ ‘ಚರ್ಚ್ ಗೇಟ್’. ಲೋಕಲ್ಲಿನಲ್ಲಿ ದಿನಾ ಕೇಳುವ ನಿಲ್ದಾಣದ ಹೆಸರಿನ ಹುಟ್ಟು ಇಲ್ಲಿದೆ. ಭಾನುವಾರ ಪ್ರಾರ್ಥನೆ ನಡೆಯುತ್ತಿದ್ದರೆ ಮುಗಿಯುವ ತನಕ ಹೊರಗೇ ಕಾಯಿರಿ.

ಬಾಗಿಲಿನಿಂದ ಹೊರಗೆ

ಚರ್ಚಿನಿಂದ ವೀರ ನರಿಮನ್ ರಸ್ತೆ ಹಿಡಿದು ನೇರ ಪಶ್ಚಿಮಕ್ಕೆ ನಡೆದರೆ ಫ್ಲೋರಾ ಫೌಂಟನ್. ಗೇಟು ಕೆಡವಿದ ಜಾಗದಲ್ಲೇ 1864ರಲ್ಲಿ ಕಾರಂಜಿ ನಿಲ್ಲಿಸಿದರು. ದೊಡ್ಡಪ್ಪ ಬೆರಳು ಮಾಡಿ ತೋರಿಸಿದ್ದು ಇದನ್ನೇ. ಪಕ್ಕದ ಹುತಾತ್ಮ ಸ್ಮಾರಕ ಸಂಯುಕ್ತ ಮಹಾರಾಷ್ಟ್ರಕ್ಕಾಗಿ ಪ್ರಾಣ ಕೊಟ್ಟವರದು. ಅಲ್ಲಿ ನಿಂತು ಉತ್ತರಕ್ಕೆ ನೋಡಿ: ಡಿ.ಎನ್. ರೋಡ್ ವಿ.ಟಿ.ಯವರೆಗೆ ಚಾಚಿದೆ. ಕೋಟೆಯ ಪಶ್ಚಿಮ ಗೋಡೆಯ ಗುಂಟ ಇದ್ದ ಈ ದಾರಿ, ಗೋಡೆ ಬಿದ್ದ ಮೇಲೆ ಅಗಲವಾಯಿತು. ಎರಡೂ ಬದಿಯ ಕಟ್ಟಡಗಳ ಕೆಳಗೆ ಕಮಾನಿನ ಪಡಸಾಲೆ ಇರಲೇಬೇಕೆಂದು 1896ರಲ್ಲಿ ಕಾನೂನು ಬಂತು. ಮೇಲೆ ಒಂದೊಂದು ಕಟ್ಟಡದ್ದು ಒಂದೊಂದು ಶೈಲಿ, ಕೆಳಗೆ ಎಲ್ಲದಕ್ಕೂ ಒಂದೇ ಪಡಸಾಲೆ. ಮಳೆಗಾಲದಲ್ಲೇ ನಡೆಯಬೇಕೆನ್ನುವವರು ಡಿ.ಎನ್. ರೋಡ್ ಒಂದನ್ನೇ ಆರಿಸಿಕೊಳ್ಳಿ. ಅಡ್ಡರಸ್ತೆ ದಾಟುವಾಗ ಬಿಟ್ಟರೆ ಹೆಚ್ಚು ನೆನೆಯುವುದಿಲ್ಲ. ಸುಸ್ತಾದವರು ಇಲ್ಲಿಗೇ ನಿಲ್ಲಿಸಿದರೂ ಆದೀತು, ಮೆಟ್ರೊ 3ರ ಹುತಾತ್ಮ ಚೌಕ ನಿಲ್ದಾಣ ಹತ್ತಿರದಲ್ಲೇ ಇದೆ.

ಮುಂದೆ ಹೋಗುವವರು ಚರ್ಚ್‌ಗೇಟ್ ನಿಲ್ದಾಣದ ದಿಕ್ಕಿಗೆ ನಡೆದು, ಕ್ರಾಸ್ ಮೈದಾನದ ಅಂಚಿನ ಭೀಖಾ ಬೆಹ್ರಾಮ್ ಬಾವಿಯ ಬಳಿ ನಿಲ್ಲಿ. 1725ರಲ್ಲಿ ಒಬ್ಬ ಪಾರ್ಸಿ ದಾನಿ ತೋಡಿಸಿದ್ದು. ಸಮುದ್ರ ಇಷ್ಟು ಹತ್ತಿರವಿದ್ದರೂ ಸಿಹಿನೀರು ಬಂತು. ಪಾರ್ಸಿಗಳಿಗೆ ಇದು ಪವಿತ್ರ, ಚಾವಣಿಯೊಳಗೆ ಅವರಿಗೆ ಮಾತ್ರ ಪ್ರವೇಶ.

ಈಗ ನೀವು ಕೋಟೆಯ ಹೊರಗಿದ್ದೀರಿ. ಸುತ್ತ ಇಷ್ಟು ದೊಡ್ಡ ಮೈದಾನಗಳು ಮುಂಬಯಿಯಲ್ಲಿ ಹೇಗೆ ಉಳಿದವು? ಗೋಡೆಯ ಮೇಲಿನ ಫಿರಂಗಿಗಳಿಗೆ ಶತ್ರು ಮರೆಯಿಲ್ಲದೆ ಕಾಣಬೇಕೆಂದು ಕಂದಕದಾಚೆ ಕಟ್ಟಡ, ಮರ ಏನೂ ಇರದಂತೆ ಬಯಲು ಬಿಟ್ಟಿದ್ದರು. ಅದೇ ಎಸ್ಪ್ಲನೇಡ್. ಆಜಾದ್, ಕ್ರಾಸ್, ಓವಲ್, ಕೂಪರೇಜ್, ಈ ನಾಲ್ಕೂ ಅದರ ತುಂಡುಗಳು. ಹುಡುಗರು ಇವತ್ತು ಅಲ್ಲಿ ಕ್ರಿಕೆಟ್ ಆಡುತ್ತಾರೆ.

ಓವಲ್ ಮೈದಾನದ ನಡುವಿನ ಕಾಲುದಾರಿಗೆ ಹೋಗಿ ನಿಲ್ಲಿ. ಪೂರ್ವಕ್ಕೆ 1870ರ ದಶಕದ ಗೋಥಿಕ್ ಸಾಲು, ಪಶ್ಚಿಮಕ್ಕೆ 1930ರ ದಶಕದ ಆರ್ಟ್ ಡೆಕೊ ಮನೆಗಳ ಸಾಲು. ಇಂಥ ಒಟ್ಟು 94 ಕಟ್ಟಡಗಳು 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪೂರ್ವದ ಸಾಲಿನಲ್ಲಿ ಹೈಕೋರ್ಟ್, ಅದರ ಪಕ್ಕ ರಾಜಾಬಾಯಿ ಗೋಪುರ, ಆಮೇಲೆ ಘಟಿಕೋತ್ಸವ ಸಭಾಂಗಣ, ತುದಿಗೆ ಹಳೆಯ ಸೆಕ್ರೆಟರಿಯೇಟ್. ರಾಜಾಬಾಯಿ ಗೋಪುರ 280 ಅಡಿ ಎತ್ತರ, ಕುರ್ಲಾದ ಕಲ್ಲು. ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯಚಂದ್ ಹಣ ಕೊಟ್ಟು ತಾಯಿಯ ಹೆಸರಿಟ್ಟ. ನಕ್ಷೆ ಮಾಡಿದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಮುಂಬಯಿಗೆ ಬರಲೇ ಇಲ್ಲ. ದುರ್ಬೀನು ಮತ್ತೆ ತೆಗೆಯಿರಿ: ಗೋಪುರದ ಮೇಲ್ಭಾಗದಲ್ಲಿ ಪಶ್ಚಿಮ ಭಾರತದ ಬೇರೆ ಬೇರೆ ಸಮುದಾಯದವರ ಮೂರ್ತಿಗಳಿವೆ. ಒಬ್ಬೊಬ್ಬರ ಮುಂಡಾಸೂ ಬೇರೆ.

ಈ ಸಾಲು ನೋಡುವಾಗ ನನಗೆ ಇದು ಪರಸ್ಥಳ ಅನ್ನಿಸುವುದಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರದ ಜನರಿಗೆ 1956ರವರೆಗೂ ಮುಂಬಯಿಯೇ ರಾಜಧಾನಿ. ಉತ್ತರ ಕನ್ನಡವೂ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಬಂದದ್ದು. ಅಲ್ಲಿನ ಜಮೀನಿನ ತಕರಾರುಗಳು ಮೇಲ್ಮನವಿಯಾಗಿ ಬರುತ್ತಿದ್ದುದು ಈ ಹೈಕೋರ್ಟಿಗೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಬೇಂದ್ರೆಯವರ ಬಿ.ಎ. ಈ ವಿಶ್ವವಿದ್ಯಾಲಯದ್ದು. ವಿಶ್ವೇಶ್ವರಯ್ಯನವರು 1884ರಲ್ಲಿ ಎಂಜಿನಿಯರಾಗಿ ಸೇರಿದ್ದು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲಿ, ಮರುವರ್ಷ ಧಾರವಾಡಕ್ಕೆ ಹೋಯಿತು. 1908ರಲ್ಲಿ ತಿಲಕರಿಗೆ ಆರು ವರ್ಷದ ಶಿಕ್ಷೆ ವಿಧಿಸಿದ್ದು ಇದೇ ಹೈಕೋರ್ಟಿನಲ್ಲಿ. ವಿಶ್ವವಿದ್ಯಾಲಯದ ಆವರಣಕ್ಕೂ ಕೋರ್ಟಿಗೂ ಸುಮ್ಮನೆ ನುಗ್ಗಲಾಗದು. ಓವಲ್ಲಿನಿಂದಲೇ ಇವು ಚೆಂದ ಕಾಣುತ್ತವೆ, ಸಾಲು ಪೂರ್ತಿ ಕಣ್ಣಿಗೆ ಸಿಗುತ್ತದೆ.

ಗೋಡೆಯ ತೆಂಕಣ ತುದಿ

ಓವಲ್ಲಿನಿಂದ ಕಾಲಾ ಘೋಡಾಕ್ಕೆ ಐದು ನಿಮಿಷ. ಕಪ್ಪು ಕುದುರೆಯೇರಿದ ಏಳನೆಯ ಎಡ್ವರ್ಡ್ ಮೂರ್ತಿಯಿಂದ ಬಂದ ಹೆಸರು. ಮೂರ್ತಿಯನ್ನು 1965ರಲ್ಲಿ ತೆಗೆದು ಭಾಯಖಳದ ರಾಣಿಬಾಗಿಗೆ ಒಯ್ದರು. ಹೆಸರು ಹೋಗಲಿಲ್ಲ. 2017ರಲ್ಲಿ ಹೊಸ ಕುದುರೆ ಬಂತು, ಸವಾರನಿಲ್ಲ. ಅಲ್ಲೇ ಎದುರಿಗೆ, ಈಗ ಶಿಥಿಲವಾಗಿರುವ ವಾಟ್ಸನ್ ಹೋಟೆಲ್. ಎರಕದ ಕಬ್ಬಿಣದ ಚೌಕಟ್ಟನ್ನು ಇಂಗ್ಲೆಂಡಿನಿಂದ ತಂದು ಜೋಡಿಸಿದ ಕಟ್ಟಡ. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲನಚಿತ್ರಗಳನ್ನು ಭಾರತದಲ್ಲಿ ಮೊದಲು ತೋರಿಸಿದ್ದು ಇಲ್ಲಿ. ಕೆಳಗೆ ನಿಲ್ಲಬೇಡಿ, ರಸ್ತೆಯ ಈಚೆಯಿಂದ ನೋಡಿ. ಒಳಗಲ್ಲಿಯ ನೀಲಿ ಬಣ್ಣದ ಕೆನೆಸೆತ್ ಎಲಿಯಾಹು ಸಿನಗಾಗ್ 1884ರದು. ಗುರುತಿನ ಚೀಟಿ ಕೇಳುತ್ತಾರೆ, ಆಧಾರ್ ಇಲ್ಲಿ ಬೇಕಾಗುತ್ತದೆ.

ಕಾಲಾ ಘೋಡಾದಿಂದ ಪೂರ್ವಕ್ಕೆ ಹೋಗುವ ಕೆ. ದುಬಾಷ್ ಮಾರ್ಗವೇ ರಾಂಪಾರ್ಟ್ ರೋ. ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ, ಗೋಡೆಯ ದಕ್ಷಿಣದ ಗೆರೆ ಇದೇ. ಇದರ ಕೊನೆಗೆ ನೌಕಾದಳದ ಡಾಕ್‌ಯಾರ್ಡ್, ಲಯನ್ ಗೇಟ್. 1736ರಲ್ಲಿ ಸೂರತ್ತಿನಿಂದ ಬಂದ ಲವ್ಜಿ ವಾಡಿಯಾ ಮತ್ತು ಅವನ ಮನೆತನದವರು ಇಲ್ಲಿ ತೇಗದ ಹಡಗು ಕಟ್ಟಿದರು. 1817ರಲ್ಲಿ ಇಲ್ಲಿ ನೀರಿಗಿಳಿದ ‘ಟ್ರಿಂಕಾಮಲಿ’ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಮೂರನೆಯ ಬಾಗಿಲು ಅಪೊಲೊ ಗೇಟ್ ಇದ್ದದ್ದು ಈ ಕಡೆಯಲ್ಲೇ. ಇಲ್ಲಿಯೂ ಕ್ಯಾಮೆರಾ ಚೀಲದೊಳಗೇ ಇರಲಿ.

ರೀಗಲ್ ಸಿನಿಮಾದ ವೃತ್ತದಲ್ಲಿ 1865ರ ವೆಲಿಂಗ್ಟನ್ ಕಾರಂಜಿ. 1799ರಲ್ಲಿ ಟಿಪ್ಪು ಬಿದ್ದಾಗ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಈ ವೆಲಿಂಗ್ಟನ್. ಅಲ್ಲಿಂದ ಗೇಟ್‌ವೇ ಆಫ್ ಇಂಡಿಯಾಕ್ಕೆ ನೂರಾರು ಹೆಜ್ಜೆ ಅಷ್ಟೇ. ಅದರ ಮೇಲೆ ಹೊಸದಾಗಿ ಹೇಳುವುದು ಕಡಿಮೆ. 1911ರಲ್ಲಿ ಬಂದಿಳಿದ ರಾಜನ ನೆನಪಿಗೆ ಶುರುವಾಗಿ 1924ರಲ್ಲಿ ಮುಗಿದದ್ದು. 1948ರ ಫೆಬ್ರವರಿ 28ರಂದು ಕೊನೆಯ ಬ್ರಿಟಿಷ್ ತುಕಡಿ ಇದರ ಕೆಳಗಿನಿಂದಲೇ ಹೊರಟುಹೋಯಿತು.

ಹೊತ್ತು ಹನ್ನೊಂದಾಗಿರುತ್ತದೆ, ಹೊಟ್ಟೆ ತಾಳ ಹಾಕುತ್ತಿರುತ್ತದೆ. ಫೋರ್ಟಿನ ಉಡುಪಿ ಹೋಟೆಲುಗಳಲ್ಲಿ ಹೆಚ್ಚಿನವು ಆಫೀಸಿನವರನ್ನೇ ನಂಬಿದವು, ಭಾನುವಾರ ಮುಚ್ಚಿರುತ್ತವೆ. ಟ್ಯಾಕ್ಸಿಯಲ್ಲಿ ವಿ.ಟಿ.ಗೆ ಮರಳಿ, ಸ್ಲೋ ಲೋಕಲ್ ಹತ್ತಿ ಮಾಟುಂಗದಲ್ಲಿ ಇಳಿಯಿರಿ. ನಿಲ್ದಾಣದ ಹೊರಗೇ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಸಾಲಿನಲ್ಲಿ ನಿಂತಿರುವಾಗ ಹಾಳೆ ಬಿಚ್ಚಿ, ನಡೆದ ದಾರಿಯ ಮೇಲೆ ಕೆಂಪು ಪೆನ್ನಿನಿಂದ ಗೋಡೆಯ ಗೆರೆ ಎಳೆಯಿರಿ: ಬಜಾರ್ ಗೇಟಿನಿಂದ ಡಿ.ಎನ್. ರೋಡ್ ಗುಂಟ ಫೌಂಟನ್, ಅಲ್ಲಿಂದ ರಾಂಪಾರ್ಟ್ ರೋ, ಲಯನ್ ಗೇಟ್. ಪೂರ್ವದ ಬದಿಯನ್ನು ಸಮುದ್ರಕ್ಕೆ ಬಿಡಿ.